ತಂಗಿ ತನ್ನ ರೇಸ್ ಸೈಕಲ್ ಎದುರಾಳಿಗೆ ಕೊಡ್ತೀನಿ ಅಂತಾಳ, ಕೊಡಬಹುದೇನ್ರಿ?

ಗುಮ್ಮಟದ_ಗಾಳಿ, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಸೈಕ್ಲಿಂಗ್ ತಿಳದವ್ರು ಯಾರರ ಇದ್ರ ಸ್ವಲ್ಪ ಹೇಳ್ರಿ, ನಮ್ಮ ಮನ್ಯಾಗ ವಾರದಿಂದ ಇದೇ ಜಗಳ ನಡದೈತಿ. ನನ್ನ ತಂಗಿ ಜೂನಿಯರ್ ಕೆಟಗರಿಯೊಳಗ ಸೈಕಲ್ ಹೊಡಿತಾಳ, ನಸುಕಿನ್ಯಾಗ ಎದ್ದು ಸೊಲ್ಲಾಪುರ ರೋಡಿಗೆ ಪ್ರ್ಯಾಕ್ಟೀಸಿಗೆ ಹೋಗ್ತಾಳ, ಲಾರಿ ಕಾಟ ಭಾಳ ಅಂತ ನಾನು ಹಿಂದ ಗಾಡಿ ಮ್ಯಾಲ ಹೋಗ್ತೀನಿ. ಆಕಿ ಜೋಡಿ ತಿಕೋಟಾ ಕಡಿ ಹುಡಿಗಿ ಒಬ್ಬಾಕಿ ಬರ್ತಾಳ, ಒಂದೇ ವಯಸ್ಸು ಒಂದೇ ಕೆಟಗರಿ. ಖರೇ ಹೇಳಬೇಕಂದ್ರ ಟೈಮ್ ಟ್ರಯಲ್‌ನ್ಯಾಗ, ಅಂದ್ರ ಒಬ್ಬೊಬ್ಬರ ಟೈಮ್ ಹಚ್ಚಿ ಹೊಡಿಯೂ ರೇಸಿನ್ಯಾಗ, ಆಕಿನ ನಮ್ಮಾಕಿಗಿಂತ ಜೋರ.

ಆದ್ರ ಅವ್ರ ದ್ರಾಕ್ಷಿ ಪಡಕ್ಕ ಆಣಿಕಲ್ಲ ಮಳಿ ಬಿದ್ದು ಪೂರಾ ಲುಕ್ಸಾನ ಆತು, ಸಾಲ ಹಂಗ ಉಳೀತು, ಅದರ ಮ್ಯಾಲ ಈಗ ಆಕಿ ಸೈಕಲ್ ಫ್ರೇಮ್ ಕ್ರ್ಯಾಕ್ ಆಗೇತಿ. ಬಿಟ್ಟಾಳಂತ ಮಾಡಿದ್ವಿ, ಬಿಟ್ಟಿಲ್ರಿ. ಅವ್ರ ಅಣ್ಣನ ಸಾದಾ ಸೈಕಲ್ ತಗೊಂಡು, ತೂಕ ಕಡಿಮಿ ಆಗ್ಲಿ ಅಂತ ಕ್ಯಾರಿಯರ್ರು ಸ್ಟ್ಯಾಂಡು ಎರಡೂ ಬಿಚ್ಚಿಟ್ಟು, ಅದರ ಮ್ಯಾಲೇ ಬರ್ತಾಳ. ಗೇರ್ ಇಲ್ಲ ಏನಿಲ್ಲ, ಏರು ಬಂದ್ರ ಹಿಂದ ಬೀಳ್ತಾಳ, ನಾವು ಚಾ ಕುಡಿಯೂ ಹೊತ್ತಿಗೆ ಬಂದು ಮುಟ್ಟತಾಳ.

ಮುಂದಿನ ತಿಂಗಳ ಸೆಲೆಕ್ಷನ್ ಐತಿ. ತಂಗಿ ಅಂತಾಳ ನನ್ನ ಸೈಕಲ್ಲೇ ಆಕಿಗೂ ಕೊಡ್ತೀನಿ, ಆಕಿ ಇಲ್ಲಂದ್ರ ನನ್ನ ಟೈಮಿಂಗ್ ಸುಧಾರಸೂದಿಲ್ಲ ಅಂತ. ನಮ್ಮಪ್ಪ ಕೆಂಡ. "ಸೊಸಾಯಿಟಿ ಸಾಲ ತಗದು ಸೈಕಲ್ ಕೊಡ್ಸಿದ್ದು ಮಂದಿ ಮಗಳು ಗೆಲ್ಲಾಕ ಅಲ್ಲ" ಅಂತಾರ. ರೂಲ್ಸ್ ಪ್ರಕಾರ ಕೊಡಾಕ ಬರ್ತೈತೇನ್ರಿ? ಮತ್ತ ಅಪ್ಪ ಹೇಳೂದು ತಪ್ಪಾ?

ಹಳೇ_ಪೆಡಲ್, ಜಮಖಂಡಿ

ತಮ್ಮಾ, ರೂಲ್ಸ್ ಅಷ್ಟ ನಾ ಹೇಳ್ತೀನಿ, ಅಪ್ಪಾರ ವಿಷಯಕ್ಕ ಕೈ ಹಾಕೂದಿಲ್ಲ.

ಟೈಮ್ ಟ್ರಯಲ್‌ನ್ಯಾಗ ಒಬ್ಬೊಬ್ಬರನ್ನ ಗ್ಯಾಪ್ ಬಿಟ್ಟು ಬಿಡ್ತಾರ, ಹಂಗಾಗಿ ಒಂದು ಹುಡಿಗಿ ಮುಗಿಸಿ ಬಂದ ಮ್ಯಾಲ ಇನ್ನೊಬ್ಬಾಕಿ ಅದೇ ಸೈಕಲ್ ತಗೊಂಡು ಹೊಂಡಾಕ ಆಗ್ತೈತಿ. ಆದ್ರ ಇಬ್ಬರ ನಡುವ ಟೈಮ್ ಸಾಕಷ್ಟು ಇರಬೇಕು, ಹಿಂದಿನ ದಿನಾನ ಅಫಿಷಿಯಲ್ಸಿಗೆ ಹೇಳಿ ಇಡ್ರಿ. ಸೀಟಿನ ಹೈಟಿಗೆ ಟೇಪ್ ಹಚ್ಚಿ ಇಬ್ಬರದೂ ಗುರ್ತು ಮಾಡಿ ಇಟ್ಕೋರಿ, ಆ ಗಡಿಬಿಡ್ಯಾಗ ಅಳತಿ ನೆಪ್ಪ ಉಳಿಯೂದಿಲ್ಲ. ರೋಡ್ ರೇಸ್ ಎಲ್ಲಾರೂ ಕೂಡೇ ಹೊಂಡೂದು, ಅಲ್ಲಿ ಒಂದು ಸೈಕಲ್ ಇಬ್ಬರಿಗೆ ಹೆಂಗ ಆಗ್ತೈತಿ.

ಇನ್ನೊಂದು, ಇದು ತಂಗಿಗೆ ಬರೋಬ್ಬರಿ ತಿಳಿಸಿ ಹೇಳು. ರೇಸ್ ನಡುವ ಗೆಳತಿ ಪಂಕ್ಚರ್ ಆತಂತ ತನ್ನ ಗಾಲಿ ಬಿಚ್ಚಿ ಕೊಡಬಾರದು. ಯುಸಿಐ, ಅಂದ್ರ ಜಗತ್ತಿನ ಸೈಕ್ಲಿಂಗ್ ಸಂಸ್ಥೆ, ಅದರ ರೂಲ್ಸ್‌ನ್ಯಾಗ ನೀರು, ತಿನ್ನೂದು, ಪಾನಾ ಇಂಥಾವು ಯಾರಿಗೆ ಬೇಕಾದ್ರೂ ಕೊಡಬಹುದು, ಗಾಲಿ ಮತ್ತ ಸೈಕಲ್ ಮಾತ್ರ ತನ್ನ ಟೀಮಿನವ್ರಿಗಷ್ಟ. 2015ರ ಜಿರೋ ಡಿ ಇಟಾಲಿಯಾ ಅಂತ ಇಟಲಿಯ ದೊಡ್ಡ ಸೈಕಲ್ ರೇಸಿನ್ಯಾಗ ರಿಚೀ ಪೋರ್ಟ್ ಫಿನಿಶ್ ಇನ್ನೇನು ಹತ್ರ ಬಂತು ಅನ್ನೂದ್ರಾಗ ಪಂಕ್ಚರ್ ಆದ, ಬ್ಯಾರೆ ಟೀಮಿನ ಸೈಮನ್ ಕ್ಲಾರ್ಕ್ ನಿಂತು ತನ್ನ ಗಾಲಿ ಕೊಟ್ಟ, ಇಬ್ಬರೂ ಆಸ್ಟ್ರೇಲಿಯಾದವ್ರು, ದೋಸ್ತರು. ಪೋರ್ಟ್ ಅಲ್ಲಿ ಕಳಕೊಂಡಿದ್ದು 47 ಸೆಕೆಂಡ್, ಆಮ್ಯಾಲ ಈ ತಪ್ಪಿಗೆ ಇಬ್ಬರಿಗೂ 2 ನಿಮಿಷ ಪೆನಾಲ್ಟಿ, ಮ್ಯಾಲ 200 ಸ್ವಿಸ್ ಫ್ರಾಂಕ್ ದಂಡ! ಸಹಾಯ ಮಾಡಿದವನೂ ಹೋದ, ತಗೊಂಡವನೂ ಹೋದ. ಇಬ್ಬರೂ ಜಿಲ್ಲಾ ಟೀಮ್ ಅಂತ ಒಂದೇ ಎಂಟ್ರಿಯೊಳಗಿದ್ರ ಅದು ಬ್ಯಾರೆ ಮಾತು, ಕೋಚ್ ಸರ್ ಹತ್ರ ಕೇಳ್ರಿ.

ಟೈಮಿಂಗ್ ಸುಧಾರಸೂದಿಲ್ಲ ಅನ್ನೂದು ಮಾತ್ರ ನೂರಕ್ಕ ನೂರು ಖರೆ. ನಮ್ಮ ಕಡಿ ಎದುರುಗಾಳಿ ಒಳಗ ಒಬ್ಬಾಕಿನ ಎಷ್ಟು ತುಳಿತಾಳ? ಪಾಳಿ ಮ್ಯಾಲ ಮುಂದ ಬಂದು ಗಾಳಿ ತಗೊಳ್ಳಾಕ ಇನ್ನೊಬ್ಬಾಕಿ ಬೇಕ ಬೇಕು.

ಘಟಪ್ರಭಾ_ದಂಡಿ, ಮುಧೋಳ

ನಾ ಅಪ್ಪಾರ ಕಡಿ. ಎಲ್ಲಾರೂ ತಂಗಿ ಮನಸ್ಸು ದೊಡ್ಡದು ಅಂತ ಹೊಗಳ್ತೀರಿ, ಕಂತು ತುಂಬೂ ಮನಷಾನ್ನ ಖಳನಾಯಕ ಮಾಡ್ತೀರಿ. ಆ ಹುಡಿಗಿ ಬಿದ್ದು ಸೈಕಲ್ ಮುರದ್ರ ಇಬ್ಬರ ಸೀಸನ್ನೂ ಖತಂ, ಮ್ಯಾಲ ಎರಡು ಮನಿ ನಡುವ ಮಾತು ನಿಲ್ತಾವು. ಅಳತಿ ಸೇರಲಾರದ ಸೈಕಲ್ ಜೋರ ತುಳದ್ರ ಮೊಣಕಾಲಿಗೆ ಬ್ಯಾನಿ ಗ್ಯಾರಂಟಿ.

ನಾ ಕೇಳೂದು ಇಷ್ಟ, ಒಡದಿದ್ದು ಫ್ರೇಮ್ ಒಂದೇ ಅಲ್ಲೇನ್ರಿ? ಗಾಲಿ, ಗೇರ್ ಸೆಟ್, ಬ್ರೇಕ್, ಹ್ಯಾಂಡಲ್ ಎಲ್ಲಾ ಚಲೋ ಇರಬೇಕಲ್ಲ. ಸೆಕೆಂಡ್ ಹ್ಯಾಂಡ್ ಫ್ರೇಮ್ ಹುಡುಕಿ ಎಲ್ಲಾ ಅದಕ್ಕ ಹಾಕಿದ್ರ ಮುಗೀತು, ಹೊಸಾ ಸೈಕಲ್ ರೊಕ್ಕದಾಗ ಸಣ್ಣ ಪಾಲಿನ್ಯಾಗ ಆಗ್ತೈತಿ. ಆದ್ರ ಅಲ್ಯುಮಿನಿಯಂ ಫ್ರೇಮ್ ಇದ್ರ ಊರಾಗಿನ ವೆಲ್ಡಿಂಗ್ ಅಂಗಡಿಗೆ ಒಯ್ಯಬ್ಯಾಡ್ರಿ ಮಾರಾಯ್ರ, ಅದನ್ನ ತಯಾರ ಮಾಡುವಾಗ ವೆಲ್ಡಿಂಗ್ ಆದ ಮ್ಯಾಲ ಭಟ್ಟಿಯೊಳಗ ಕಾಸಿ ಗಟ್ಟಿ ಮಾಡಿರ್ತಾರ, ಮತ್ತ ವೆಲ್ಡ್ ಹೊಡದ್ರ ಅಲ್ಲೇ ಮೆತ್ತಗಾಗ್ತೈತಿ, ಇಳಿಜಾರಿನ್ಯಾಗ ತುಂಡಾದ್ರ ಹಲ್ಲ ಹೋಗೂದಲ್ಲ ಜೀವಾನ ಹೋಗ್ತೈತಿ.

ಕುಂದಾ_ಕರದಂಟು, ಬೆಳಗಾವಿ

ಪೋರ್ಟ್ ಕಥಿ ಕೇಳಿ ಯಾರೂ ಹೆದರಬ್ಯಾಡ್ರಿ, ಉಲ್ಟಾನೂ ಆಗೇತಿ. 1988ರ ಸಿಯೋಲ್ ಒಲಿಂಪಿಕ್ಸ್‌ನ್ಯಾಗ ಕೆನಡಾದ ಲಾರೆನ್ಸ್ ಲೆಮ್ಯೂ ಅಂತ ಹಾಯಿದೋಣಿ ಸ್ಪರ್ಧಿ, ತನ್ನ ರೇಸಿನ್ಯಾಗ ಎರಡನೇ ಸ್ಥಾನದಾಗ ಇದ್ದ. ಬ್ಯಾರೆ ರೇಸಿನ ಸಿಂಗಾಪುರದ ಇಬ್ಬರ ದೋಣಿ ಮಗಚಿದ್ದು ಕಂಡು, ತನ್ನ ರೇಸ್ ಬಿಟ್ಟು ಹೋಗಿ ಅವ್ರನ್ನ ಎತ್ತಿದ. ಜ್ಯೂರಿಯವ್ರು ಆ ರೇಸಿಗೆ ಅವನಿಗೆ ಎರಡನೇ ಸ್ಥಾನಾನ ಕೊಟ್ರು, ಕ್ರೀಡಾ ಮನೋಭಾವಕ್ಕ ಕೊಡೂ ಕುಬರ್ಟಿನ್ ಮೆಡಲ್ಲೂ ಬಂತು. ಒಟ್ಟು ರಿಸಲ್ಟಿನ್ಯಾಗ ಮಾತ್ರ 11ನೇದವ. ಪದಕ ಸಿಗಲಿಲ್ಲ ಅನ್ನೂದೂ ಹೇಳಬೇಕಲ್ರಿ.

ನಮ್ಮ ತಾಲೀಮಿನ್ಯಾಗ ಇದೆಲ್ಲಾ ಪ್ರಶ್ನೀನ ಅಲ್ಲ. ದಿನಾ ಯಾರ ಜೋಡಿ ಹಿಡಿತೀವೋ ಅವನ ಜೋಡೀನ ಜಾತ್ರ್ಯಾಗ ಕುಸ್ತಿ ಬೀಳ್ತೈತಿ, ಅವನಿಗೆ ಖುರಾಕ ಕಮ್ಮಿ ಆದ್ರ ವಸ್ತಾದ ನಮ್ಮ ಬದಾಮೀನ ಹಂಚ್ತಾನ.

ಅದಿರ್ಲಿ, ಇಷ್ಟು ಮಂದಿ ಮಾತಾಡಿದ್ರಿ, ಆ ಹುಡಿಗಿಗೆ ಏನು ಬೇಕಂತ ಯಾರರ ಕೇಳಿರೇನು?

ಗುಮ್ಮಟದ_ಗಾಳಿ, ವಿಜಯಪುರ

ಕೇಳಿದ್ವಿ ಅಣ್ಣಾರ, ಇವತ್ತ ಮುಂಜಾನೆ. ಸೈಕಲ್ ಬ್ಯಾಡ ಅಂದ್ಲು. "ನಿಮ್ಮ ಸೈಕಲ್ ಮ್ಯಾಲ ನಾ ಗೆದ್ರ ನಿಮ್ಮಪ್ಪಾರ ಮುಂದ ಹೆಂಗ ನಿಂದ್ರಲಿ" ಅಂತ. ಫ್ರೇಮ್ ಸಿಕ್ರ ದುಡದು ಕಂತಿನ್ಯಾಗ ಕೊಡ್ತೀನಿ, ಪುಕ್ಕಟ ಬ್ಯಾಡ ಅಂದ್ಲು. ಅಪ್ಪಗ ಮುಧೋಳದವ್ರ ರಿಪ್ಲೈ ಓದಿ ತೋರ್ಸಿದೆ, "ಬುದ್ಧಿ ಇದ್ದವ ಒಬ್ಬ ಅದಾನಲ್ಲ" ಅಂದ್ರು, ಆಮ್ಯಾಲ ತಾವ ಕ್ರೀಡಾ ಶಾಲೆ ಇರೂ ಚಂದರಗಿ ಕಡಿ ಪರಿಚಯದವ್ರಿಗೆ ಫೋನ್ ಹಚ್ಚಿ ಹಳೇ ಫ್ರೇಮ್ ಐತೇನು ಅಂತ ಕೇಳಾಕತ್ತಾರ. ಫ್ರೇಮ್ ಸೆಲೆಕ್ಷನ್ ಒಳಗ ಸಿಗಲಿಲ್ಲಂದ್ರ ಟೈಮ್ ಟ್ರಯಲ್ಲಿಗೆ ಅಷ್ಟ ನಮ್ಮ ಸೈಕಲ್ ಕೊಡೂನು, ರೋಡ್ ರೇಸಿಗೆ ಇಲ್ಲ, ಇದು ಅಪ್ಪನ ಫೈನಲ್ ಮಾತು. ಹುಡಿಗಿ ಇನ್ನೂ ಹೂಂ ಅಂದಿಲ್ಲ.

ಆಕಿ ಫ್ರೇಮ್ ಅಳತಿ 48 ಸೆಂ.ಮೀ. ಯಾರ ಹತ್ರರ ಇದ್ರ ಹೇಳ್ರಿ, ಬಾಗಲಕೋಟಿ ತನಕ ಆದ್ರ ನಾನ ಬಂದು ಒಯ್ತೀನಿ.

ಹಳೇ_ಪೆಡಲ್, ಜಮಖಂಡಿ

ನನ್ನ ಹತ್ರ ಒಂದು ಬಿದ್ದೈತಿ, ಬಣ್ಣ ಹೋಗೇತಿ, ಕ್ರ್ಯಾಕ್ ಗೀಕ್ ಏನಿಲ್ಲ. ಮೊದಲ ಆಕಿ ಸೈಕಲ್ಲಿನ ಪೆಡಲ್ ಕೂಡೂ ಜಾಗಾದ ಫೋಟೋ ಹಾಕು, ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ತಿರಗೂ ಬೇರಿಂಗ್) ಥ್ರೆಡ್ ಇದ್ದದ್ದೋ ಒತ್ತಿ ಕೂಡ್ಸೂ ಪ್ರೆಸ್ ಫಿಟ್ಟೋ ನೋಡಬೇಕು. ರೇಟ್ ಆಕಿ ಜೋಡಿನ ಮಾತಾಡ್ತೀನಿ.