‘ಬಂಡವಾಳಶಾಹಿ’ಗೆ ಬೈಗುಳವಲ್ಲದ ಪದ ಇದೆಯೇ?

ಗೆಳೆಯರೇ,

ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ ಹೀಗೆ ಬರೆದಿದ್ದೆ: ‘ನ್ಯಾಯ, ಸ್ವಾತಂತ್ರ್ಯ, ಏಳಿಗೆ: ಬಂಡವಾಳಶಾಹಿ ಮೇಲೋ, ಸಮಾಜವಾದ ಮೇಲೋ?’ ಒಬ್ಬ ಹುಡುಗಿ ತಕರಾರು ತೆಗೆದಳು. “ಒಂದಕ್ಕ ಶಾಹಿ, ಇನ್ನೊಂದಕ್ಕ ವಾದ. ತೀರ್ಪು ಮೊದಲೇ ಬರೆದುಬಿಟ್ಟೀರಲ್ರೀ ಸರ್!”

ಅವಳ ಮಾತಿನಲ್ಲಿ ಹುರುಳಿದೆ. ಅಧಿಕಾರಶಾಹಿ, ಪುರೋಹಿತಶಾಹಿ, ಸಾಮ್ರಾಜ್ಯಶಾಹಿ ಯಾವುದನ್ನೂ ನಾವು ಹೊಗಳಲು ಬಳಸುವುದಿಲ್ಲ. ಆದರೆ ಇದು ‘ಶಾಹಿ’ಯ ಹುಟ್ಟುಗುಣವಲ್ಲ. ಫಾರಸಿಯ ಶಾಹ್ ಅಂದರೆ ದೊರೆ. ಬೀದರಿನಲ್ಲಿ ಬರೀದಶಾಹಿ ಅಂದರೆ ಅಲ್ಲಿ ಆಳಿದ ಮನೆತನ, ಅಷ್ಟೇ. ಗಡಿಯಾಚೆ ಮರಾಠಿಯಲ್ಲಂತೂ ಪ್ರಜಾಪ್ರಭುತ್ವವೇ ‘ಲೋಕಶಾಹಿ’. ಅವರಲ್ಲೂ ‘ಭಾಂಡವಲಶಾಹಿ’ ಇದೆ, ಆದರೆ ಲೋಕಶಾಹಿ ಪಕ್ಕದಲ್ಲಿ ಕೂತಾಗ ಅದರ ಖಾರ ಕಡಿಮೆ. ಹಿಂದಿಯಲ್ಲಿ ಪೂಂಜೀವಾದ, ಸಮಾಜವಾದ: ಜಗಳವೇ ಇಲ್ಲ.

ಹಾಗಾದರೆ ‘ಬಂಡವಾಳವಾದ’ ಅನ್ನೋಣವೇ? ನನಗೆ ಒಂದು ತೊಡಕು ಕಾಣುತ್ತದೆ. ‘ವಾದ’ ಅಂದರೆ ಬರೀ ವಿಚಾರ ಅನ್ನಿಸುತ್ತದೆ. ಸಮಾಜವಾದಕ್ಕೆ ಆಗಿರುವ ಲಾಭವೂ ಅದೇ. ಸೋವಿಯತ್ ಒಕ್ಕೂಟದಲ್ಲಿ ಅಂಗಡಿ ಮುಂದೆ ಸಾಲು ನಿಂತರೆ, ಬೇರೆ ಪಕ್ಷ ಕಟ್ಟುವ ಹಾಗಿಲ್ಲದಿದ್ದರೆ, ಅದು ‘ಆಚರಣೆಯ ತಪ್ಪು’. ವಾದಕ್ಕೆ ಮಸಿ ಹತ್ತುವುದಿಲ್ಲ. ಬಂಡವಾಳದ ಕಡೆ ಮಾತ್ರ ಬಾಲ್ಯದುಡಿಮೆ, ನಿರುದ್ಯೋಗ ಎಲ್ಲವೂ ಹೆಸರಿಗೇ ಅಂಟುತ್ತವೆ. ಆ ಲೆಕ್ಕದಲ್ಲಿ ಮಾಸ್ಕೋದಲ್ಲಿ ಇದ್ದದ್ದೂ ಒಂದು ಶಾಹಿಯೇ ಅಲ್ವಾ?

‘ಸ್ವಾತಂತ್ರ್ಯ’ ಇನ್ನೂ ಕಷ್ಟ. ನಮ್ಮ ತೊಗರಿ ರೈತನನ್ನೇ ನೋಡಿ. ಬೆಳೆದದ್ದನ್ನು ಬೇಕಾದವರಿಗೆ, ಬೇಕಾದಾಗ ಮಾರುವಂತಿರಬೇಕು. ಇದು ಒಂದು ಸ್ವಾತಂತ್ರ್ಯ. ಆದರೆ ಬಿತ್ತನೆಗೆ ಸಾಲ ಕೊಟ್ಟ ದಲ್ಲಾಳಿ ಬಾಗಿಲಲ್ಲಿ ನಿಂತಿದ್ದರೆ ದರ ಏರುವವರೆಗೆ ಕಾಯೋದು ಎಲ್ಲಿ? ಆ ಕಟ್ಟಿನಿಂದ ಬಿಡಿಸಿಕೊಳ್ಳುವುದೂ ಸ್ವಾತಂತ್ರ್ಯವೇ. ಒಂದು ತಂಡ ಮೊದಲನೆಯದನ್ನು ಹಿಡಿಯುತ್ತದೆ, ಇನ್ನೊಂದು ಎರಡನೆಯದನ್ನು. ಒಂದೇ ಪದ ಹಿಡಿದು ಸುಮ್ನೆ ಕೂಗಾಡುತ್ತಾರೆ. ಎರಡನೆಯದಕ್ಕೆ ‘ಬಿಡುಗಡೆ’ ಸಾಕೇ?

‘ನ್ಯಾಯ’ಕ್ಕೆ ಅಷ್ಟು ತಲೆಕೆಡಿಸಿಕೊಂಡಿಲ್ಲ. ಸಂವಿಧಾನದ ಪೀಠಿಕೆಯೇ ಅದನ್ನು ಸಾಮಾಜಿಕ, ಆರ್ಥಿಕ, ರಾಜಕೀಯ ಎಂದು ಬಿಡಿಸಿ ಹೇಳಿದೆ. (‘ಸಮಾಜವಾದಿ’ ಅಲ್ಲಿಗೆ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ. ಏಳಿಗೆ, ಸಮೃದ್ಧಿ ಮಾತ್ರ ಅಲ್ಲಿ ಇಲ್ಲವೇ ಇಲ್ಲ!)

ಸದ್ಯಕ್ಕೆ ವಿಷಯವನ್ನು ‘ಖಾಸಗಿ ಒಡೆತನವೋ, ಸಮಾಜದ ಒಡೆತನವೋ’ ಎಂದು ತಿದ್ದಿದ್ದೇನೆ. ತಕ್ಕಡಿ ಸಮ ಆಯಿತು. ಆದರೆ ಮಾರುಕಟ್ಟೆ, ಕೂಲಿ, ಲಾಭದ ಮಾತು ಬಿಟ್ಟುಹೋಯಿತು. ಹೊಲ ಅವರವರದೇ ಇದ್ದು ಮಾರಾಟ ಮಾತ್ರ ಒಟ್ಟಾಗಿ ಮಾಡುವ ಸಹಕಾರ ಸಂಘವನ್ನು ಯಾವ ಕಡೆ ಕೂರಿಸೋದು ಅಂತ ಅದೇ ಹುಡುಗಿ ಈಗ ಕೇಳುತ್ತಿದ್ದಾಳೆ.

‘ಬಂಡವಾಳವಾದ’ ಎಂಬ ಪದವನ್ನು ಹಳೆಯ ಪಠ್ಯದಲ್ಲೋ ಪತ್ರಿಕೆಯಲ್ಲೋ ಕಂಡವರಿದ್ದರೆ ಆ ವಾಕ್ಯವನ್ನು ಇಲ್ಲಿ ಹಾಕುತ್ತೀರಾ? ಇದಕ್ಕಿಂತ ಒಳ್ಳೆಯ ಜೋಡಿಪದ ಹೊಳೆದರೂ ತಿಳಿಸಿ.