ಪ್ಲಾಟಿನಮ್ ಮೇಲೆ ಕಾರ್ಬನ್ ಮಾನಾಕ್ಸೈಡ್: ರೋಹಿತದ ಮಾತು ಒಂದು, ಲೆಕ್ಕದ್ದು ಇನ್ನೊಂದು

ಪ್ರಶ್ನೆ

ಪ್ಲಾಟಿನಮ್ ಹರಳಿನ (111) ಮುಖದ (ಪರಮಾಣುಗಳು ಒತ್ತಾಗಿ ಜೋಡಣೆಯಾದ ಮೇಲ್ಮೈಯ) ಮೇಲೆ ಕಾರ್ಬನ್ ಮಾನಾಕ್ಸೈಡ್ ಎಲ್ಲಿ ಕೂರುತ್ತದೆ ಎಂಬುದೇ ಈಗ ನನ್ನ ತಲೆನೋವು. ಅಣುವಿನ ಕಂಪನ ತೋರಿಸುವ ಅವಗೆಂಪು ಪ್ರತಿಫಲನ ರೋಹಿತದಲ್ಲಿ 2095 ಸೆಂ.ಮೀ.⁻¹ ಬಳಿ ಚೂಪಾದ ಪಟ್ಟಿ ಬರುತ್ತದೆ. ಅಂದರೆ ಅಣು ಒಂದೇ ಪರಮಾಣುವಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿದೆ. ಪಿಬಿಇ ಎಂಬ ಫಂಕ್ಷನಲ್ (ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಂದಾಜಿಸುವ ಸೂತ್ರ) ಬಳಸಿದ ಡಿಎಫ್‌ಟಿ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಕಂಡುಹಿಡಿಯುವ) ಲೆಕ್ಕ ಮಾತ್ರ ಮೂರು ಪರಮಾಣುಗಳ ನಡುವಿನ ಕುಳಿಯೇ ಹೆಚ್ಚು ಸ್ಥಿರ ಎನ್ನುತ್ತದೆ. ಮಾದರಿಯಲ್ಲಿ ಲೋಹದ ಪದರಗಳನ್ನು ಹೆಚ್ಚಿಸಿದೆ, ಕೆ-ಬಿಂದುಗಳನ್ನು (ಲೆಕ್ಕ ಹಾಕುವ ಜಾಲದ ಬಿಂದುಗಳನ್ನು) ದಟ್ಟವಾಗಿಸಿದೆ; ಜಗ್ಗಲಿಲ್ಲ. ಹರಳು ಸ್ವಚ್ಛವಾಗಿಲ್ಲ ಎಂದು ಜೊತೆಯವರ ವಾದ. ಯಾವುದನ್ನು ನಂಬಲಿ? 1850ರ ಬಳಿ ಸಣ್ಣ ಉಬ್ಬೊಂದಿದೆ, ಅದು ಕುಳಿಯದ್ದೇ?

ಉತ್ತರ 1

ಪಾಪ, ಹರಳನ್ನು ಬೈಯಬೇಡಿ. ನೀವು ಹೊಕ್ಕಿರುವುದು ಈ ಕ್ಷೇತ್ರದ ಹಳೆಯ ಜಗಳಕ್ಕೆ. 2001ರಲ್ಲಿ ಸಂಶೋಧಕ ಫೈಬೆಲ್‌ಮನ್ ಮತ್ತು ಸಂಗಡಿಗರು ಇದನ್ನು ‘ಒಗಟು’ ಎಂದೇ ಕರೆದು ಪ್ರಬಂಧ ಬರೆದರು. ಪಿಬಿಇ ಮಾದರಿಯ ಫಂಕ್ಷನಲ್‌ಗಳನ್ನು ಎಷ್ಟು ಎಚ್ಚರಿಕೆಯಿಂದ ಓಡಿಸಿದರೂ ಅವು ಕುಳಿಯನ್ನೇ ಆರಿಸುತ್ತವೆ. ತಪ್ಪು ನಿಮ್ಮ ಕೆ-ಬಿಂದುಗಳಲ್ಲಿಲ್ಲ, ಫಂಕ್ಷನಲ್‌ನಲ್ಲಿದೆ.

ಕಾರಣ ಹೀಗೆ. ಅಣು ತನ್ನ ಇಂಗಾಲದ ತುದಿಯಿಂದ ಲೋಹಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಲೋಹ ಅಣುವಿನ ಖಾಲಿ ಪೈ-ಸ್ಟಾರ್ ಕಕ್ಷಕಕ್ಕೆ (ತುಂಬಿದರೆ ಅಣುವಿನ ಬಂಧ ಸಡಿಲಿಸುವ ಕಕ್ಷಕಕ್ಕೆ) ಎಲೆಕ್ಟ್ರಾನ್ ಮರಳಿಸುತ್ತದೆ. ಈ ಮರಳಿಕೆ ಕುಳಿಯಲ್ಲಿ ಹೆಚ್ಚು. ಪಿಬಿಇ ಆ ಖಾಲಿ ಕಕ್ಷಕವನ್ನು ಇರಬೇಕಾದುದಕ್ಕಿಂತ ಕೆಳಗೆ ಇಡುವುದರಿಂದ ಮರಳಿಕೆ ಅತಿಯಾಗಿ, ಕುಳಿಗೆ ಇಲ್ಲದ ಬಲ ಬರುತ್ತದೆ. ಅಂತರ ಎಲೆಕ್ಟ್ರಾನ್ ವೋಲ್ಟಿನ ಒಂದೆರಡು ದಶಮಾಂಶದಷ್ಟೇ, ಆದರೆ ಜಾಗ ಅದಲುಬದಲಾಗಲು ಅಷ್ಟು ಸಾಕು. 2010ರಲ್ಲಿ ಆರ್‌ಪಿಎ ಎಂಬ ಇನ್ನೂ ನಿಖರವಾದ ವಿಧಾನದಿಂದ ಲೆಕ್ಕ ಹಾಕಿದಾಗ ನೆತ್ತಿಯೇ ಗೆದ್ದಿತು. ಅದು ದುಬಾರಿ ಲೆಕ್ಕ, ನಿಮಗೆ ಬೇಕಾಗಿಲ್ಲ.

ಜಾಗದ ವಿಷಯದಲ್ಲಿ ರೋಹಿತವನ್ನು ನಂಬಿ. ಯಾವ ಪಟ್ಟಿ ಯಾವ ಜಾಗದ್ದು ಎಂದು ಗುರುತಿಸಲು ಲೆಕ್ಕವನ್ನು ದುಡಿಸಿ; ಶಕ್ತಿಯಲ್ಲಿ ಎಡವುವ ಪಿಬಿಇ ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. 1850 ಕುಳಿಯದ್ದಲ್ಲ, ಎರಡು ಪರಮಾಣುಗಳ ನಡುವಿನ ಸೇತುವೆಯದ್ದು. ಕುಳಿಯಲ್ಲಿದ್ದರೆ 1800ಕ್ಕಿಂತ ಕೆಳಗೆ ಹುಡುಕಬೇಕಿತ್ತು.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ಮೇಲ್ಮೈ ಎಷ್ಟು ತುಂಬಿದೆ ಎಂದು ಮಾತ್ರ ನೀವು ಹೇಳಲೇ ಇಲ್ಲ. ಅಣುಗಳು ಒತ್ತಾದಂತೆ ಅವುಗಳ ದ್ವಿಧ್ರುವಗಳು ಒಂದನ್ನೊಂದು ಎಳೆದಾಡಿ ನೆತ್ತಿಯ ಪಟ್ಟಿ 2100 ದಾಟುವುದುಂಟು. ವಿರಳ ಮಾದರಿಯ ಲೆಕ್ಕವನ್ನು ತುಂಬಿದ ಮೇಲ್ಮೈಯ ರೋಹಿತದ ಪಕ್ಕದಲ್ಲಿಟ್ಟರೆ ಹೊಂದಿಕೆಯಾಗದು. ಇಂಗಾಲ-13 (ಇಂಗಾಲದ ಭಾರವಾದ ಐಸೊಟೋಪ್) ಇರುವ ಅಣುಗಳನ್ನು ಸ್ವಲ್ಪ ಬೆರೆಸಿ ನೋಡಿ. ಅದರ ಪಟ್ಟಿ ಸುಮಾರು 47 ಸೆಂ.ಮೀ.⁻¹ ಕೆಳಗೆ ಬರುವುದರಿಂದ ನೆರೆಯವರ ಎಳೆತದಿಂದ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಮೇಲ್ಮೈ ಅರ್ಧ ತುಂಬಿತ್ತು. ಹಾಗಿದ್ದರೆ ಸೇತುವೆಯಲ್ಲೂ ಅಷ್ಟೇ ಅಣುಗಳು ಇರಬೇಕಲ್ಲವೇ? ಉಬ್ಬು ಅಷ್ಟು ಸಣ್ಣದೇಕೆ?

ಉತ್ತರ 1

ಅರ್ಧ ತುಂಬಿ, ಕ್ರಮವಾಗಿ ಜೋಡಣೆಯಾಗಿದ್ದರೆ ನೆತ್ತಿಯಲ್ಲೂ ಸೇತುವೆಯಲ್ಲೂ ಸಮಪಾಲು ಇರುತ್ತದೆ, ನಿಮ್ಮ ಊಹೆ ಸರಿ. ಆದರೆ ಪಟ್ಟಿಯ ಎತ್ತರ ನೋಡಿ ಅಣುಗಳನ್ನು ಎಣಿಸುವ ಚಟ ಬಿಡಿ. ಇದೇ ದ್ವಿಧ್ರುವಗಳ ಜೋಡಣೆ ಕೆಳಗಿನ ಪಟ್ಟಿಯ ತೀವ್ರತೆಯನ್ನು ಮೇಲಿನದಕ್ಕೆ ದಾಟಿಸಿಬಿಡುತ್ತದೆ. ಇಂಗಾಲ-13 ಬೆರೆಸಿದಾಗಲೂ ಹೀಗೆಯೇ. ಅದರ ಪಟ್ಟಿ ಕಡಿಮೆ ಕಂಡರೆ ಗಾಬರಿಯಾಗಬೇಡಿ.

ಇನ್ನೊಂದು. ಲೆಕ್ಕದ ಸಂಖ್ಯೆಯನ್ನು ನೇರವಾಗಿ 2095ರ ಎದುರಿಗಿಡಬೇಡಿ. ಅದೇ ಫಂಕ್ಷನಲ್‌ನಲ್ಲಿ ಬಿಡಿ ಅಣುವಿನ ಕಂಪನವನ್ನೂ ಲೆಕ್ಕ ಹಾಕಿ, ಅದರಿಂದ ಎಷ್ಟು ಇಳಿಯಿತು ಎಂದು ನೋಡಿ. ಅಳತೆಯಲ್ಲಿ ಬಿಡಿ ಅಣುವಿನದು 2143, ಆದ್ದರಿಂದ ನಿಮ್ಮ ಇಳಿತ 48. ಹಾರ್ಮೋನಿಕ್ (ಬಂಧವನ್ನು ಸರಳ ಸ್ಪ್ರಿಂಗ್ ಎಂದೆಣಿಸುವ) ಲೆಕ್ಕಕ್ಕೂ ಅಳತೆಗೂ ಇರುವ ಅಂತರ ಬಹುಪಾಲು ಇದರಲ್ಲೇ ವಜಾ ಆಗುತ್ತದೆ.