ನಗರದ ಕಿರುವನದಲ್ಲಿ ಒಣ ಎಲೆಗಳನ್ನು ಗುಡಿಸಬೇಕೇ, ಬಿಡಬೇಕೇ?

ಪ್ರಶ್ನೆ: ಬಡಾವಣೆಯ ಅಂಚಿನ ಕಿರುವನವೊಂದನ್ನು ನಾವು ನಿವಾಸಿಗಳೇ ಸ್ವಯಂಸೇವಕರಾಗಿ ನೋಡಿಕೊಳ್ಳುತ್ತಿದ್ದೇವೆ. ಉದುರಿದ ಎಲೆಗಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಬೇಕೆಂದು ಕೆಲವರು, ಇದ್ದಲ್ಲಿಯೇ ಬಿಡಬೇಕೆಂದು ಇನ್ನು ಕೆಲವರು ವಾದಿಸುತ್ತಾರೆ. ಒಣಗಿ ಬಿದ್ದ ಕೊಂಬೆಗಳ ಬಗೆಗೂ ಇದೇ ತಕರಾರು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎಲೆಗಳನ್ನು ಮರಗಳ ಕೆಳಗೇ ಬಿಡಿ. ಶಿಲೀಂಧ್ರ, ಎರೆಹುಳು ಮುಂತಾದವು ಅವನ್ನು ಕೊಳೆಯಿಸಿ ಪೋಷಕಾಂಶಗಳನ್ನು ಮಣ್ಣಿಗೆ ಮರಳಿಸುತ್ತವೆ. ಅಲ್ಲದೆ ಆ ಹೊದಿಕೆಯು ನೆಲದ ತೇವ ಬೇಗನೆ ಆರದಂತೆ ತಡೆದು, ಮಳೆಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗದಂತೆಯೂ ಕಾಯುತ್ತದೆ. ಕಾಲುದಾರಿಯನ್ನೂ ಚರಂಡಿಯ ಬಾಯಿಯನ್ನೂ ಗುಡಿಸಿದರೆ ಸಾಕು. ಚೀಲಕ್ಕೆ ತುಂಬಬೇಕಾದದ್ದು ಪ್ಲಾಸ್ಟಿಕ್.

ಉತ್ತರ 2: ಒಪ್ಪುತ್ತೇನೆ, ಆದರೆ ಎಲ್ಲೆಡೆಗೂ ಒಂದೇ ನಿಯಮ ಸಲ್ಲದು. ಒಣ ಹವೆಯ ದಿನಗಳಲ್ಲಿ ಯಾರೋ ಎಸೆದ ಸಿಗರೇಟಿನ ತುಂಡೊಂದೇ ಬೆಂಕಿಗೆ ಸಾಕಾಗುವುದರಿಂದ, ರಸ್ತೆಬದಿಯ ಎಲೆಗಳನ್ನು ಒಳಭಾಗಕ್ಕೆ ಸರಿಸಿ. ಆದರೆ ಸಸಿಯ ಕಾಂಡಕ್ಕೆ ತಾಗುವಂತೆ ರಾಶಿ ಹಾಕಬೇಡಿ, ತೊಗಟೆ ಕೊಳೆಯುವ ಸಂಭವವಿದೆ. ಬಿದ್ದ ಕೊಂಬೆಗಳು ಜೀರುಂಡೆ, ಅಣಬೆಗಳಿಗೆ ನೆಲೆಯಾದ್ದರಿಂದ ನೆಲದ ಮೇಲೆಯೇ ಇರಲಿ. ದಾರಿಯ ಮೇಲೆ ತೂಗುವ ಒಣಕೊಂಬೆಗಳನ್ನು ಮಾತ್ರ ತರಬೇತಿ ಪಡೆದವರಿಂದ ತೆಗೆಸಿ. ತುರ್ತು ಅಪಾಯವಿಲ್ಲದಿದ್ದರೆ ಹಕ್ಕಿಗಳು ಗೂಡು ಕಟ್ಟುವ ಕಾಲ ಮುಗಿಯುವವರೆಗೆ ಕಾಯಿರಿ.

ಉತ್ತರ 3: ಎಲೆಗಿಂತ ನಮ್ಮ ಓಡಾಟವೇ ದೊಡ್ಡ ಸಮಸ್ಯೆ ಎಂಬುದು ನನ್ನ ಅಭಿಪ್ರಾಯ. ಉತ್ಸಾಹಿಗಳು ಎಲ್ಲೆಂದರಲ್ಲಿ ನಡೆದಾಡಿದರೆ ಮಣ್ಣು ಗಟ್ಟಿಯಾಗಿ, ನೀರೂ ಗಾಳಿಯೂ ಇಳಿಯದೆ ಬೇರುಗಳು ಸೊರಗುತ್ತವೆ. ತಾವಾಗಿ ಮೊಳೆತ ಸಸಿಗಳೂ ತುಳಿತಕ್ಕೆ ಸಿಗುತ್ತವೆ. ಆದ್ದರಿಂದ ಮೊದಲು ಒಂದೇ ದಾರಿಯನ್ನು ಗುರುತಿಸಿ, ಆಮೇಲೆ ಪೊರಕೆಯ ವಿಚಾರ ಮಾತನಾಡೋಣ.